ಹದಿನಾಲ್ಕು ತಂಡಗಳ ಎಸೆತಗಾರ

ಯಾವುದೇ ಆಟದ ಚರಿತ್ರೆಯನ್ನು ಬರೆಯುವವರು ಮೊದಲು ಗೆದ್ದವರ ಹೆಸರುಗಳನ್ನು ಬರೆಯುತ್ತಾರೆ. ದಾಖಲೆಗಳನ್ನು ಮುರಿದವರು, ಪದಕಗಳನ್ನು ಧರಿಸಿದವರು, ಜನರ ಜಯಘೋಷಕ್ಕೆ ಪಾತ್ರರಾದವರು ಪುಟದ ಮೇಲ್ಭಾಗದಲ್ಲಿ ನಿಲ್ಲುತ್ತಾರೆ. ಅದು ಸಹಜವೂ ಹೌದು. ಆದರೆ ಆ ಕೆಲವರಿಂದಲೇ ಯಾವ ಆಟವೂ ನಡೆಯಲಾರದು. ಕಳಶವಿಲ್ಲದ ಗೋಪುರ ಇರಬಹುದು. ಗೋಡೆಯಿಲ್ಲದ ಗೋಪುರ ಇರಲಾರದು. ದಿನದಿನದ ಪಂದ್ಯಗಳು ಸಾಗುವುದು ಕೀರ್ತಿವಂತರ ಪಟ್ಟಿಗೆ ಎಂದೂ ಸೇರದ ನೂರಾರು ಮಂದಿಯ ದುಡಿಮೆಯಿಂದ. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಇಂಥವರನ್ನು ಕರೆಯಲು ಒಂದು ಮಾತು ರೂಢಿಯಲ್ಲಿದೆ. ಆ ಮಾತು ‘ಜರ್ನಿಮನ್’.

ಈ ಮಾತನ್ನು ಕೇಳಿದ ಕೂಡಲೇ ಪ್ರಯಾಣ ಮಾಡುವವನು ಎಂಬ ಅರ್ಥ ಹೊಳೆಯುತ್ತದೆ. ಅದರ ಮೂಲ ಬೇರೆ. ಫ್ರೆಂಚ್ ಭಾಷೆಯಲ್ಲಿ ‘ಜೂರ್ನೆ’ ಎಂದರೆ ಒಂದು ದಿನ, ಅಥವಾ ಒಂದು ದಿನದ ಕೆಲಸ. ಮಧ್ಯಯುಗದ ಯೂರೋಪಿನಲ್ಲಿ ಬಡಗಿಗಳು, ಕಮ್ಮಾರರು, ಕಲ್ಲುಕುಟಿಗರು ತಮ್ಮ ತಮ್ಮ ಕಸಬಿನ ಸಂಘಗಳನ್ನು ಕಟ್ಟಿಕೊಂಡಿದ್ದರು. ಆ ಸಂಘಗಳಲ್ಲಿ ಮೂರು ಅಂತಸ್ತುಗಳಿದ್ದವು. ಮೊದಲನೆಯವನು ಕೆಲಸ ಕಲಿಯುವ ಹುಡುಗ. ಕೊನೆಯವನು ಸ್ವಂತ ಅಂಗಡಿಯನ್ನು ಹೂಡಿದ ಯಜಮಾನ. ಇವರಿಬ್ಬರ ನಡುವೆ ಇದ್ದವನೇ ಜರ್ನಿಮನ್. ಅವನು ಕಸಬನ್ನು ಪೂರ್ತಿಯಾಗಿ ಕಲಿತವನು. ಆದರೆ ತನ್ನದೆಂಬ ಅಂಗಡಿಯಿಲ್ಲದೆ, ಕೆಲಸವಿದ್ದ ಕಡೆ ಹೋಗಿ ದಿನಗೂಲಿಗೆ ದುಡಿಯುವವನು. ಹೀಗೆ ಈ ಮಾತಿನಲ್ಲಿ ಅರೆಕಲಿಕೆಯ ಸೂಚನೆ ಇಲ್ಲ. ಕಸಬು ಬಲ್ಲವನು ಎಂಬುದೇ ಇದರ ಮುಖ್ಯ ಅರ್ಥ.

ಕಾಲಕ್ರಮದಲ್ಲಿ ಈ ಮಾತಿಗೆ ಸ್ವಲ್ಪ ತಾತ್ಸಾರವೂ ಸೇರಿಕೊಂಡಿತು. ಒಂದು ತಂಡದಲ್ಲಿ ನೆಲೆನಿಲ್ಲದೆ ಊರಿಂದೂರಿಗೆ ಹೋಗುವವನು, ಯಾರೂ ಉಳಿಸಿಕೊಳ್ಳಲು ಬಯಸದವನು ಎಂಬ ಭಾವನೆ ಅದರೊಳಗೆ ಅಡಗಿತು. ಈ ಭಾವನೆ ಎಷ್ಟರಮಟ್ಟಿಗೆ ನ್ಯಾಯವಾದುದು? ಇದನ್ನು ಪರೀಕ್ಷಿಸಲು ಎಡ್ವಿನ್ ಜಾಕ್ಸನ್ ಎಂಬ ಆಟಗಾರರ ವೃತ್ತಿಜೀವನ ಒಂದು ಒಳ್ಳೆಯ ನಿದರ್ಶನ. 2003ರಿಂದ 2019ರವರೆಗಿನ 17 ಋತುಗಳಲ್ಲಿ ಅವರು ಅಮೆರಿಕದ ಅತ್ಯುನ್ನತ ಮಟ್ಟದ ಬೇಸ್‌ಬಾಲಾದ ಮೇಜರ್ ಲೀಗಿನಲ್ಲಿ 14 ತಂಡಗಳ ಪರವಾಗಿ ಆಡಿದರು. ಅವರಿಗಿಂತ ಮೊದಲು ಅಷ್ಟು ತಂಡಗಳಲ್ಲಿ ಆಡಿದವರು ಯಾರೂ ಇರಲಿಲ್ಲ. ಆ ಲೀಗಿನಲ್ಲಿ ಇರುವ ತಂಡಗಳೇ 30. ಅವುಗಳಲ್ಲಿ ಹೆಚ್ಚು ಕಡಮೆ ಅರ್ಧದಷ್ಟು ತಂಡಗಳ ಅಂಗಿಯನ್ನು ಅವರು ತೊಟ್ಟಿದ್ದರು.

ಜಾಕ್ಸನ್ನರ ಕೆಲಸವೇನೆಂಬುದನ್ನು ತಿಳಿಯಲು ಆ ಆಟದ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ಬೇಸ್‌ಬಾಲ್ ಕ್ರಿಕೆಟ್ಟಿಗೆ ದೂರದ ನಂಟಿನ ಆಟ. ತಂಡಕ್ಕೆ ಒಂಬತ್ತು ಮಂದಿ; ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್. ಮೂವರು ಔಟಾದೊಡನೆ ಸರದಿ ಎದುರಾಳಿಗೆ ಹೋಗುತ್ತದೆ. ಮೈದಾನದ ನಡುವೆ 10 ಅಂಗುಲ ಎತ್ತರದ ಒಂದು ದಿಬ್ಬ. ಅದರ ಮೇಲೆ ನಿಂತು, 60 ಅಡಿ 6 ಅಂಗುಲ ದೂರದಲ್ಲಿರುವ ದಾಂಡಿಗನತ್ತ ಚೆಂಡನ್ನು ಎಸೆಯುವವನೇ ‘ಪಿಚರ್’. ಕ್ರಿಕೆಟ್ಟಿನಲ್ಲಿ ಬಹುಪಾಲು ಎಸೆತಗಳು ನೆಲಕ್ಕೆ ಬಿದ್ದು ಪುಟಿದೇಳುತ್ತವೆ. ಇಲ್ಲಿ ಚೆಂಡು ನೆಲಕ್ಕೆ ತಾಗದೆಯೇ ದಾಂಡಿಗನನ್ನು ಸೇರಬೇಕು. ಗೊತ್ತಾದ ಗಡಿಯೊಳಗೆ ಬಂದ ಚೆಂಡನ್ನು ಅವನು ಬಿಟ್ಟರೆ, ಇಲ್ಲವೆ ಬೀಸಿ ತಪ್ಪಿದರೆ, ಅದು ಒಂದು ‘ಸ್ಟ್ರೈಕ್’. ಮೂರು ಸ್ಟ್ರೈಕುಗಳಾದರೆ ಅವನು ಔಟ್. ಗಡಿ ತಪ್ಪಿದ ಎಸೆತಗಳು ನಾಲ್ಕಾದರೆ ದಾಂಡಿಗನು ಚೆಂಡನ್ನು ಹೊಡೆಯದೆಯೇ ಮೊದಲನೆಯ ನೆಲೆಗೆ ನಡೆದುಹೋಗುತ್ತಾನೆ. ಇದಕ್ಕೆ ‘ವಾಕ್’ ಎಂದು ಹೆಸರು. ಪಿಚರನಿಗೆ ಇದು ತಾನಾಗಿ ತಂದುಕೊಂಡ ನಷ್ಟ.

ಈ ಆಟದಲ್ಲಿ ಇನ್ನೊಂದು ವಿಶೇಷ ಪದ್ಧತಿ ಇದೆ. ಗೆಲುವಾಗಲಿ ಸೋಲಾಗಲಿ, ಅದು ತಂಡದ್ದಾಗಿರುವುದರ ಜೊತೆಗೆ ಒಬ್ಬ ಪಿಚರನ ಹೆಸರಿಗೂ ಬರೆಯಲ್ಪಡುತ್ತದೆ. ಅವನು ಎಷ್ಟೇ ಚೆನ್ನಾಗಿ ಎಸೆದಿದ್ದರೂ, ಅವನ ಜೊತೆಗಾರರು ಒಂದು ಓಟವನ್ನೂ ಗಳಿಸದಿದ್ದರೆ ಸೋಲಿನ ಹೊರೆ ಅವನ ತಲೆಯ ಮೇಲೆಯೇ ಬೀಳುತ್ತದೆ. ಪಂದ್ಯವನ್ನು ಆರಂಭಿಸುವ ಪಿಚರನ ತೋಳಿಗೆ ವಿಶ್ರಾಂತಿ ಬೇಕಾದುದರಿಂದ ಅವನು ಸಾಮಾನ್ಯವಾಗಿ ಐದು ದಿನಗಳಿಗೊಮ್ಮೆ ಮಾತ್ರ ದಿಬ್ಬವನ್ನು ಏರುತ್ತಾನೆ. ಒಂದು ಋತುವಿನಲ್ಲಿ ಪ್ರತಿ ತಂಡಕ್ಕೂ 162 ಪಂದ್ಯಗಳು. ಆದುದರಿಂದ ಪ್ರತಿ ತಂಡಕ್ಕೂ ಇಂಥ ಐವರಾದರೂ ಬೇಕು. ಅವರ ನೆರವಿಗೆ ಬರುವವರು ಇನ್ನೂ ಎಂಟು ಮಂದಿ. 26 ಮಂದಿಯ ತಂಡದಲ್ಲಿ ಸಾಮಾನ್ಯವಾಗಿ 13 ಮಂದಿ ಪಿಚರುಗಳೇ ಇರುತ್ತಾರೆ. ಅಷ್ಟಾದರೂ ಭುಜದ ನೋವು, ಮೊಣಕೈಯ ಗಾಯ ಮುಂತಾದವುಗಳಿಂದ ಕೊರತೆ ತಪ್ಪುವುದಿಲ್ಲ. ಆ ಕೊರತೆಯನ್ನು ತುಂಬಲು ಕರೆಬಂದ ಕಡೆ ಹೋಗುವವನೇ ಜರ್ನಿಮನ್ ಪಿಚರ್.

ಎಡ್ವಿನ್ ಜಾಕ್ಸನ್ ಹುಟ್ಟಿದ್ದು 1983ರ ಸೆಪ್ಟೆಂಬರ್ 9ರಂದು, ಜರ್ಮನಿಯ ನೋಯ್-ಉಲ್ಮ್ ಎಂಬ ಪಟ್ಟಣದಲ್ಲಿ. ಅವರ ತಂದೆ ಅಮೆರಿಕದ ಸೈನ್ಯದಲ್ಲಿದ್ದು ಆಗ ಅಲ್ಲಿ ನೆಲಸಿದ್ದರು. ಜಾರ್ಜಿಯಾ ರಾಜ್ಯದ ಕೊಲಂಬಸ್ ನಗರದಲ್ಲಿ ಜಾಕ್ಸನ್ ಪ್ರೌಢಶಾಲೆಯನ್ನು ಮುಗಿಸಿದರು. 2001ರಲ್ಲಿ ಲಾಸ್ ಏಂಜಲೀಸ್ ಡಾಜರ್ಸ್ ತಂಡ ಅವರನ್ನು ಆರನೆಯ ಸುತ್ತಿನಲ್ಲಿ ಆರಿಸಿಕೊಂಡಿತು. ಹೀಗೆ ಆಯ್ಕೆಯಾದ ತರುಣರು ಕೆಳಹಂತದ ಲೀಗುಗಳಲ್ಲಿ ವರ್ಷಗಟ್ಟಲೆ ದುಡಿಯಬೇಕು. ಅವರಲ್ಲಿ ಬಹುಪಾಲು ಮಂದಿ ಮೇಜರ್ ಲೀಗಿನ ಮೈದಾನವನ್ನು ಮೆಟ್ಟುವುದೇ ಇಲ್ಲ. ಜಾಕ್ಸನ್ನರಿಗೆ ಎರಡೇ ವರ್ಷಗಳಲ್ಲಿ ಕರೆ ಬಂದಿತು. 2003ರ ಸೆಪ್ಟೆಂಬರ್ 9ರಂದು, ತಮ್ಮ ಇಪ್ಪತ್ತನೆಯ ಹುಟ್ಟುಹಬ್ಬದ ದಿನ, ಅವರು ತಮ್ಮ ಮೊದಲ ಪಂದ್ಯವನ್ನು ಆಡಿದರು. ಎದುರಿಗಿದ್ದ ಪಿಚರ್ ಆ ಕಾಲದ ಮಹಾರಥಿಗಳಲ್ಲಿ ಒಬ್ಬರಾದ ರ‍್ಯಾಂಡಿ ಜಾನ್ಸನ್. ಜಾನ್ಸನ್ನರಿಗೆ ಮರುದಿನ ನಲವತ್ತು ವರ್ಷ ತುಂಬುವುದರಲ್ಲಿತ್ತು. ಆ ದಿನ ಗೆದ್ದವರು ಇಪ್ಪತ್ತರ ಹುಡುಗ.

ಇಂಥ ಆರಂಭವನ್ನು ಕಂಡವರು ಜಾಕ್ಸನ್ನರಿಂದ ಅದ್ಭುತವಾದ ಭವಿಷ್ಯವನ್ನು ನಿರೀಕ್ಷಿಸಿದ್ದರೆ ಆಶ್ಚರ್ಯವಿಲ್ಲ. ಅವರ ಚೆಂಡು ಗಂಟೆಗೆ 150 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಹೋಗುತ್ತಿತ್ತು. ಆದರೆ ವೇಗ ಒಲಿದಷ್ಟು ಸುಲಭವಾಗಿ ಹಿಡಿತ ಒಲಿಯಲಿಲ್ಲ. ಮುಂದಿನ ಎರಡು ವರ್ಷ ಆರಂಭದ ಹೊಳಪು ಕಾಣಲಿಲ್ಲ. 2006ರ ಜನವರಿಯಲ್ಲಿ ಡಾಜರ್ಸ್ ತಂಡ ಬೇರೆ ಆಟಗಾರರನ್ನು ಪಡೆದುಕೊಂಡು ಅವರನ್ನು ಟ್ಯಾಂಪಾ ಬೇ ತಂಡಕ್ಕೆ ಕೊಟ್ಟಿತು. ಅಲ್ಲಿ 2007ರಲ್ಲಿ 5 ಪಂದ್ಯಗಳನ್ನು ಗೆದ್ದು 15 ಪಂದ್ಯಗಳನ್ನು ಸೋತರು. ಮರುವರ್ಷವೇ 14 ಪಂದ್ಯಗಳನ್ನು ಗೆದ್ದರು. ಹಿಂದಿನ ವರ್ಷ ತನ್ನ ವಿಭಾಗದ ಕೊನೆಯ ಸ್ಥಾನದಲ್ಲಿದ್ದ ಆ ತಂಡ ಅಂತಿಮ ಹಣಾಹಣಿಯಾದ ವರ್ಲ್ಡ್ ಸೀರೀಸನ್ನು ಮೊಟ್ಟಮೊದಲ ಬಾರಿಗೆ ಮುಟ್ಟಿತು. ಆ ವರ್ಷ ಮುಗಿಯುವ ಮೊದಲೇ ಅವರನ್ನು ಡೆಟ್ರಾಯಿಟ್ ಟೈಗರ್ಸ್ ತಂಡಕ್ಕೆ ಕಳುಹಿಸಲಾಯಿತು. 2009ರಲ್ಲಿ ಅವರು ಅಲ್ಲಿ 13 ಪಂದ್ಯಗಳನ್ನು ಗೆದ್ದು, ಲೀಗಿನ ಶ್ರೇಷ್ಠರು ಸೇರಿ ಆಡುವ ಆಲ್-ಸ್ಟಾರ್ ಪಂದ್ಯಕ್ಕೂ ಆಯ್ಕೆಯಾದರು. ಅದೇ ವರ್ಷದ ಡಿಸೆಂಬರಿನಲ್ಲಿ ಮೂರು ತಂಡಗಳ ನಡುವೆ ನಡೆದ ಒಂದು ವಿನಿಮಯದಲ್ಲಿ ಅವರು ಅರಿಜೋನಾ ಡೈಮಂಡ್‌ಬ್ಯಾಕ್ಸ್ ತಂಡದ ಪಾಲಾದರು. ಸೋತಾಗ ಕಳುಹಿಸುವುದು ಅರ್ಥವಾಗುತ್ತದೆ, ಗೆದ್ದಾಗಲೂ ಕಳುಹಿಸಿದರು. ಜರ್ನಿಮನ್ ಆಟಗಾರನ ಪ್ರಯಾಣಕ್ಕೆ ಅವನ ವೈಫಲ್ಯವೊಂದೇ ಕಾರಣವಲ್ಲ ಎಂಬುದಕ್ಕೆ ಈ ಸಂಗತಿಯೇ ಸಾಕ್ಷಿ.

2010ರ ಜೂನ್ 25ರ ಪಂದ್ಯ ಜಾಕ್ಸನ್ನರ ಬದುಕಿನ ಅತ್ಯಂತ ಪ್ರಸಿದ್ಧ ಪಂದ್ಯ. ಎದುರಾಳಿ ಅವರ ಹಳೆಯ ತಂಡವಾದ ಟ್ಯಾಂಪಾ ಬೇ, ಮೈದಾನವೂ ಅವರದೇ. ಆರಂಭದಲ್ಲಿ ಚೆಂಡು ಅವರ ಮಾತನ್ನು ಕೇಳಲೇ ಇಲ್ಲ. ಒಬ್ಬರ ಹಿಂದೆ ಒಬ್ಬರಂತೆ ದಾಂಡಿಗರು ಹೊಡೆಯುವ ಶ್ರಮವಿಲ್ಲದೆ ನೆಲೆಗೆ ನಡೆದುಹೋದರು. ಮೂರನೆಯ ಇನ್ನಿಂಗ್ಸಿನಲ್ಲಂತೂ ಒಬ್ಬನೂ ಔಟಾಗುವ ಮುನ್ನ ಮೂರು ನೆಲೆಗಳೂ ಎದುರಾಳಿಗಳಿಂದ ತುಂಬಿಹೋದವು. ಆ ಇಕ್ಕಟ್ಟಿನಿಂದ ಒಂದು ಓಟವನ್ನೂ ಕೊಡದೆ ಅವರು ಪಾರಾದರು. ಅವರ ಎಸೆತಗಳ ಸಂಖ್ಯೆ ನೂರನ್ನು ದಾಟಿತು. ಅಷ್ಟಾದ ಮೇಲೆ ಪಿಚರನನ್ನು ಬದಲಾಯಿಸುವುದು ಈ ಕಾಲದ ವಾಡಿಕೆ. ಆದರೆ ಅಷ್ಟು ಹೊತ್ತಿಗೂ ಎದುರಾಳಿಗಳಲ್ಲಿ ಒಬ್ಬನೂ ಚೆಂಡನ್ನು ಹೊಡೆದು ನೆಲೆಯನ್ನು ಸೇರಿರಲಿಲ್ಲ. ವ್ಯವಸ್ಥಾಪಕರು ಅವರನ್ನು ಆಡಲು ಬಿಟ್ಟರು. ಒಂಬತ್ತನೆಯ ಇನ್ನಿಂಗ್ಸ್ ಮುಗಿದಾಗ ಜಾಕ್ಸನ್ 149 ಎಸೆತಗಳನ್ನು ಎಸೆದಿದ್ದರು, 8 ಮಂದಿಗೆ ವಾಕ್ ಕೊಟ್ಟಿದ್ದರು, ಮತ್ತು ಒಂದು ಹೊಡೆತಕ್ಕೂ ಎಡೆಗೊಡದೆ ಪಂದ್ಯವನ್ನು ಒಂದು ಓಟದಿಂದ ಗೆದ್ದಿದ್ದರು. ಇಂಥ ಸಾಧನೆಗೆ ‘ನೋ-ಹಿಟರ್’ ಎನ್ನುತ್ತಾರೆ. ಮಹಾ ಪ್ರತಿಭಾವಂತರಾದ ಅನೇಕ ಪಿಚರುಗಳ ಪಾಲಿಗೆ ಅದು ಕೊನೆಯವರೆಗೂ ಕನಸಾಗಿಯೇ ಉಳಿಯುತ್ತದೆ.

ಈ ಪಂದ್ಯದಲ್ಲಿ ಅಂದವಾದ ಆಟ ಇರಲಿಲ್ಲ ಎಂದು ಹೇಳುವವರಿದ್ದಾರೆ. ಅದು ನಿಜವೇ. ಎಂಟು ವಾಕ್‌ಗಳನ್ನು ಕೊಟ್ಟ ಪಂದ್ಯವನ್ನು ಪರಿಪೂರ್ಣವೆಂದು ಯಾರೂ ಕರೆಯಲಾರರು. ಆದರೆ ಪರಿಪೂರ್ಣತೆಯ ಬಲವಿಲ್ಲದೆಯೂ ಕೆಲಸವನ್ನು ಕೊನೆಮುಟ್ಟಿಸಬಹುದು ಎಂಬುದನ್ನು ಅದು ತೋರಿಸಿತು. ಎಲ್ಲವೂ ಸರಿಯಾಗಿರುವ ದಿನ ಚೆನ್ನಾಗಿ ದುಡಿಯುವುದು ಒಂದು ಗುಣ. ಕೈ ತಪ್ಪುತ್ತಿರುವ ದಿನವೂ ಕೆಲಸವನ್ನು ನಡುವಿನಲ್ಲಿ ಬಿಡದಿರುವುದು ಅದಕ್ಕಿಂತ ಅಪರೂಪವಾದ ಗುಣ.

ಇಷ್ಟು ದೊಡ್ಡ ಕೀರ್ತಿ ಬಂದ ಮೇಲಾದರೂ ಅವರಿಗೆ ಅಲ್ಲಿ ನೆಲೆ ದೊರೆಯಿತೇ? ಇಲ್ಲ. ಸುಮಾರು ಐದು ವಾರಗಳು ಕಳೆಯುವಷ್ಟರಲ್ಲಿ ಅವರನ್ನು ಷಿಕಾಗೊ ವೈಟ್ ಸಾಕ್ಸ್ ತಂಡಕ್ಕೆ ಕೊಡಲಾಯಿತು. ಮುಂದಿನ ವರ್ಷ ನಡೆದುದು ಇನ್ನೂ ವಿಚಿತ್ರ. 2011ರ ಜುಲೈ 27ರಂದು ಷಿಕಾಗೊ ತಂಡ ಅವರನ್ನು ಕೆನಡಾ ದೇಶದ ಟೊರಾಂಟೊ ತಂಡಕ್ಕೆ ಕೊಟ್ಟಿತು. ಅದೇ ದಿನ ಟೊರಾಂಟೊ ಅವರನ್ನು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕೆ ದಾಟಿಸಿತು. ಬೆಳಗಿನಿಂದ ಸಂಜೆಯೊಳಗೆ ಒಬ್ಬ ಮನುಷ್ಯ ಮೂರು ತಂಡಗಳಿಗೆ ಸೇರಿದವನಾಗಿದ್ದ. ಅವರೊಡನೆ ಅಂದು ಟೊರಾಂಟೊದಿಂದ ಸೇಂಟ್ ಲೂಯಿಸಿಗೆ ಹೋದವರಲ್ಲಿ ಡೊಮಿನಿಕನ್ ಗಣರಾಜ್ಯದ ಆಕ್ಟೇವಿಯೊ ಡೊಟೆಲ್ ಎಂಬ ಪಿಚರೂ ಒಬ್ಬರು. 13 ತಂಡಗಳಲ್ಲಿ ಆಡಿ ದಾಖಲೆ ಸ್ಥಾಪಿಸಿದವರು ಆ ಡೊಟೆಲ್. ಮುಂದೆ ಆ ದಾಖಲೆಯನ್ನು ಮುರಿದವರು ಜಾಕ್ಸನ್. ಇಬ್ಬರು ಸಂಚಾರಿಗಳೂ ಸೇರಿದ ಕಾರ್ಡಿನಲ್ಸ್ ತಂಡ ಆ ವರ್ಷದ ವರ್ಲ್ಡ್ ಸೀರೀಸನ್ನು ಗೆದ್ದಿತು. ಅದರ ನಾಲ್ಕನೆಯ ಪಂದ್ಯವನ್ನು ಆರಂಭಿಸಿ ಸೋತವರು ಜಾಕ್ಸನ್ನರೇ. ಸೋಲು ಅವರ ಹೆಸರಿಗೆ ಬಂದಿತು. ಚಾಂಪಿಯನ್ ಪದವಿಯಲ್ಲಿಯೂ ಅವರಿಗೆ ಪಾಲು ಬಂದಿತು.

2012ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ತಂಡಕ್ಕಾಗಿ ಅವರು 10 ಪಂದ್ಯಗಳನ್ನು ಗೆದ್ದರು. 1933ರ ತರುವಾಯ ವಾಷಿಂಗ್ಟನ್ ನಗರದ ತಂಡವೊಂದು ಅಂತಿಮ ಸುತ್ತುಗಳಿಗೆ ಪ್ರವೇಶ ಪಡೆದುದು ಅದೇ ಮೊದಲು. ಆ ಬಳಿಕ ಷಿಕಾಗೊ ಕಬ್ಸ್ ತಂಡ ನಾಲ್ಕು ವರ್ಷಗಳಿಗೆ 5 ಕೋಟಿ 20 ಲಕ್ಷ ಡಾಲರುಗಳ ಒಪ್ಪಂದ ಮಾಡಿಕೊಂಡಿತು. ಇನ್ನಾದರೂ ಒಂದು ಕಡೆ ನಿಲ್ಲುವ ಕಾಲ ಬಂದಿತೆಂದು ತೋರಿತು. ಆದರೆ ಅದೇ ಅವರ ಬದುಕಿನ ಅತ್ಯಂತ ಕಷ್ಟದ ಕಾಲವಾಯಿತು. 2013ರಲ್ಲಿ 8 ಗೆಲುವು, 18 ಸೋಲು. ಮರುವರ್ಷ 6 ಗೆಲುವು, 15 ಸೋಲು. 2015ರ ಜುಲೈಯಲ್ಲಿ ಅವರನ್ನು ತಂಡದಿಂದ ಬಿಟ್ಟುಬಿಟ್ಟರು. ಮರುವರ್ಷ ಆ ತಂಡ 108 ವರ್ಷಗಳ ನಿರೀಕ್ಷೆಯ ಬಳಿಕ ವರ್ಲ್ಡ್ ಸೀರೀಸನ್ನು ಗೆದ್ದಾಗ ಜಾಕ್ಸನ್ ಬೇರೆ ಊರಿನಲ್ಲಿದ್ದರು.

ಮುಂದೆ ಅಟ್ಲಾಂಟಾ, ಮಯಾಮಿ, ಸ್ಯಾನ್ ಡಿಯೇಗೊ, ಬಾಲ್ಟಿಮೋರ್, ಮತ್ತೆ ವಾಷಿಂಗ್ಟನ್ ಎಂದು ಪಯಣ ಸಾಗಿತು. 2018ರ ಮೊದಲ ಭಾಗದಲ್ಲಿ, ಮೂವತ್ತನಾಲ್ಕು ವರ್ಷ ವಯಸ್ಸಿನ, ಆಲ್-ಸ್ಟಾರ್ ಪಂದ್ಯಕ್ಕೆ ಆಯ್ಕೆಯಾಗಿದ್ದ ಆ ಆಟಗಾರ ಕೆಳಹಂತದ ಲೀಗಿನಲ್ಲಿ ಹುಡುಗರೊಡನೆ ಎಸೆಯುತ್ತಿದ್ದರು. ಜೂನ್ ತಿಂಗಳಲ್ಲಿ ಓಕ್‌ಲ್ಯಾಂಡ್ ತಂಡ ಅವರನ್ನು ಕರೆಯಿತು. ಅದು ಅವರ ಹದಿಮೂರನೆಯ ತಂಡ. ಅಲ್ಲಿ 17 ಪಂದ್ಯಗಳನ್ನು ಆರಂಭಿಸಿ, 6ರಲ್ಲಿ ಗೆಲುವನ್ನೂ 3ರಲ್ಲಿ ಸೋಲನ್ನೂ ಪಡೆದರು; ತಂಡ 97 ಪಂದ್ಯಗಳನ್ನು ಗೆದ್ದು ಮುಂದಿನ ಸುತ್ತಿಗೆ ಹೋಯಿತು. 2019ರ ಮೇ 15ರಂದು ಅವರು ಟೊರಾಂಟೊ ತಂಡದ ಅಂಗಿಯನ್ನು ತೊಟ್ಟು ದಿಬ್ಬವನ್ನೇರಿದರು. ಎಂಟು ವರ್ಷಗಳ ಹಿಂದೆ ಕೆಲವೇ ಗಂಟೆಗಳ ಕಾಲ ಅವರನ್ನು ಹೊಂದಿದ್ದು ಬಿಟ್ಟುಕೊಟ್ಟಿದ್ದ ತಂಡವೇ ಅವರ ಹದಿನಾಲ್ಕನೆಯ ತಂಡವಾಯಿತು. ಅದೇ ವರ್ಷ ಡೆಟ್ರಾಯಿಟ್ ಅವರನ್ನು ಎರಡನೆಯ ಬಾರಿ ಬರಮಾಡಿಕೊಂಡಿತು. ಮೇಜರ್ ಲೀಗಿನಲ್ಲಿ ಅದೇ ಅವರ ಕೊನೆಯ ಋತು.

ಲೆಕ್ಕದ ಪುಸ್ತಕದಲ್ಲಿ ಜಾಕ್ಸನ್ನರ ಹೆಸರಿನ ಮುಂದೆ 107 ಗೆಲುವುಗಳೂ 133 ಸೋಲುಗಳೂ ಇವೆ. ಈ ಅಂಕಿಗಳನ್ನು ಮಾತ್ರ ನೋಡಿದವನು ‘ಗೆದ್ದುದಕ್ಕಿಂತ ಸೋತುದೇ ಹೆಚ್ಚು’ ಎಂದು ಪುಸ್ತಕವನ್ನು ಮುಚ್ಚಿಬಿಡಬಹುದು. ಆದರೆ ಈ ಸೋಲಿನ ಅಂಕಿಗೆ ಇನ್ನೊಂದು ಅರ್ಥವೂ ಇದೆ. ಒಬ್ಬ ಪಿಚರ್ 133 ಪಂದ್ಯಗಳನ್ನು ಸೋಲಬೇಕಾದರೆ, ಅವನ ಕೈಗೆ ಯಾರಾದರೂ ಅಷ್ಟು ಬಾರಿ ಚೆಂಡನ್ನು ಕೊಟ್ಟಿರಬೇಕು. ಅಯೋಗ್ಯನ ಕೈಗೆ ನೂರಾರು ಬಾರಿ ಚೆಂಡನ್ನು ಕೊಡುವ ತಂಡ ಮೇಜರ್ ಲೀಗಿನಲ್ಲಿ ಇಲ್ಲ. 18 ಪಂದ್ಯಗಳನ್ನು ಸೋತ 2013ರಲ್ಲಿಯೇ ಅವರು 31 ಬಾರಿ ಪಂದ್ಯವನ್ನು ಆರಂಭಿಸಿದರು. ಆ ವರ್ಷ ಅವರ ತಂಡವೇ 96 ಪಂದ್ಯಗಳನ್ನು ಸೋತಿತು. ಮನೆ ಸೋರುವಾಗ ಒಂದೇ ಹೆಂಚನ್ನು ದೂರುವುದು ನ್ಯಾಯವಲ್ಲ. ಸೈ ಯಂಗ್ ಎಂಬ ಹಿಂದಿನ ಕಾಲದ ಪಿಚರ್ 511 ಪಂದ್ಯಗಳನ್ನು ಗೆದ್ದರು. ಆ ದಾಖಲೆಯನ್ನು ಯಾರೂ ಸಮೀಪಿಸಿಲ್ಲ. ವರ್ಷದ ಶ್ರೇಷ್ಠ ಪಿಚರುಗಳಿಗೆ ಕೊಡುವ ಪ್ರಶಸ್ತಿಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ಅತಿ ಹೆಚ್ಚು ಪಂದ್ಯಗಳನ್ನು ಸೋತ ದಾಖಲೆಯೂ ಅವರದೇ. ಆ ಸಂಖ್ಯೆ 300ಕ್ಕೂ ಹೆಚ್ಚು. ದೀರ್ಘಕಾಲ ದುಡಿದವನ ಖಾತೆಯಲ್ಲಿ ಎರಡು ಬದಿಯೂ ತುಂಬುತ್ತದೆ.

ಇಷ್ಟರಿಂದ ಜಾಕ್ಸನ್ನರನ್ನು ಸೈ ಯಂಗರ ಸಾಲಿನಲ್ಲಿ ನಿಲ್ಲಿಸಬೇಕೆಂದು ಅರ್ಥವಲ್ಲ. ಹಾಗೆ ಮಾಡಿದರೆ ಅದು ಹೊಗಳಿಕೆಯಾದೀತೇ ಹೊರತು ವಿವೇಚನೆಯಾಗದು. ಒಂಬತ್ತು ಇನ್ನಿಂಗ್ಸಿಗೆ ಅವರು ಬಿಟ್ಟುಕೊಟ್ಟ ಓಟಗಳ ಸರಾಸರಿ 4.78; ಅದು ಮೇಲುದರ್ಜೆಯ ಅಂಕಿಯಲ್ಲ. ‘ಸೋಲೇ ಗೆಲುವಿನ ಸೋಪಾನ’ ಎಂಬ ಮಾತೂ ಅವರಿಗೆ ಪೂರ್ತಿಯಾಗಿ ಒಪ್ಪುವುದಿಲ್ಲ. ಅವರ ಅನೇಕ ಸೋಲುಗಳು ಯಾವ ಗೆಲುವಿಗೂ ಮೆಟ್ಟಿಲಾಗಲಿಲ್ಲ, ಸೋಲುಗಳಾಗಿಯೇ ಉಳಿದವು. ಅವರ ಹಿರಿಮೆ ಇರುವುದು ಬೇರೊಂದು ಕಡೆ. ಸೋತ ಮೇಲೂ ಐದನೆಯ ದಿನ ಅವರು ಸಿದ್ಧರಾಗಿ ಬಂದು ನಿಲ್ಲುತ್ತಿದ್ದರು. ಹೊಸ ಊರು, ಹೊಸ ಜೊತೆಗಾರರು, ಹೊಸ ಸಂಕೇತಗಳು. ಆದರೂ ಹಳೆಯ ಕಹಿಯನ್ನು ಹೊಸ ಮನೆಗೆ ಹೊತ್ತೊಯ್ಯಲಿಲ್ಲ. ಹದಿನಾಲ್ಕು ತಂಡಗಳು ಅವರನ್ನು ಬಿಟ್ಟವು ಎನ್ನುವವರು ಹದಿನಾಲ್ಕು ತಂಡಗಳು ಅವರನ್ನು ಕರೆದವು ಎಂಬುದನ್ನು ಮರೆಯುತ್ತಾರೆ. ವಾಷಿಂಗ್ಟನ್ ಮತ್ತು ಡೆಟ್ರಾಯಿಟ್ ತಂಡಗಳಂತೂ ಅವರ ಗುಣದೋಷಗಳೆರಡನ್ನೂ ಬಲ್ಲವಾಗಿದ್ದು ಎರಡನೆಯ ಬಾರಿ ಕರೆದವು. ಒಬ್ಬ ಕೆಲಸಗಾರನಿಗೆ ಇದಕ್ಕಿಂತ ನಂಬಲರ್ಹವಾದ ಪ್ರಶಂಸಾಪತ್ರ ಯಾವುದು?

ಈ ಕಥೆಯಲ್ಲಿ ಮೆಚ್ಚಬೇಕಾದ ಅಂಶ ಇರುವಂತೆ ಪ್ರಶ್ನಿಸಬೇಕಾದ ಅಂಶವೂ ಇದೆ. ಒಬ್ಬ ಮನುಷ್ಯನನ್ನು ಅವನ ಒಪ್ಪಿಗೆಯನ್ನು ಕೇಳದೆ ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗಿಸುವುದು ಸರಿಯೇ? ಬೇಸ್‌ಬಾಲಿನಲ್ಲಿ ಈ ಪ್ರಶ್ನೆ ಹಳೆಯದು. ಹಿಂದೆ ಆಟಗಾರನು ಒಮ್ಮೆ ಒಪ್ಪಂದಕ್ಕೆ ಸಹಿ ಹಾಕಿದರೆ, ತಂಡ ತಾನಾಗಿ ಬಿಡುವವರೆಗೆ ಅವನು ಆ ತಂಡದ ಸೊತ್ತು. ತಂಡ ಅವನನ್ನು ಮಾರಬಹುದಿತ್ತು. ಅವನು ತಂಡವನ್ನು ಬಿಡುವಂತಿರಲಿಲ್ಲ. 1969ರಲ್ಲಿ ಕಾರ್ಡಿನಲ್ಸ್ ತಂಡದ ಕರ್ಟ್ ಫ್ಲಡ್ ಎಂಬ ಆಟಗಾರರನ್ನು ಫಿಲಡೆಲ್ಫಿಯಾ ತಂಡಕ್ಕೆ ಕೊಟ್ಟಾಗ ಅವರು ಹೋಗಲು ನಿರಾಕರಿಸಿ ನ್ಯಾಯಾಲಯದ ಮೆಟ್ಟಿಲನ್ನೇರಿದರು. 1972ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಐದು ಮತಗಳಿಗೆ ಮೂರರಂತೆ ಅವರ ವಿರುದ್ಧವಾಗಿ ತೀರ್ಪು ಕೊಟ್ಟಿತು. ಫ್ಲಡ್ಡರ ಆಟದ ಬದುಕು ಮುಗಿಯಿತು. ಅವರು ಎತ್ತಿದ ಪ್ರಶ್ನೆ ಮುಗಿಯಲಿಲ್ಲ. 1975ರ ಡಿಸೆಂಬರಿನಲ್ಲಿ ಆ್ಯಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಎಂಬ ಇಬ್ಬರು ಪಿಚರುಗಳ ಮೊಕದ್ದಮೆಯಲ್ಲಿ ಮಧ್ಯಸ್ಥಗಾರರು ಆಟಗಾರರ ಪರವಾಗಿ ತೀರ್ಮಾನ ಕೊಟ್ಟರು. ಅದರ ಫಲವಾಗಿ, ಮೇಜರ್ ಲೀಗಿನಲ್ಲಿ ಆರು ವರ್ಷ ಸೇವೆ ಸಲ್ಲಿಸಿದ ಆಟಗಾರನು ತನ್ನ ಒಪ್ಪಂದ ಮುಗಿದಾಗ ತನಗೆ ಬೇಕಾದ ತಂಡವನ್ನು ಸೇರುವ ಹಕ್ಕು ಬಂದಿತು. ಜಾಕ್ಸನ್ನರಿಗೆ ದೊಡ್ಡ ಒಪ್ಪಂದಗಳು ದೊರೆತುದು ಈ ಹೋರಾಟದಿಂದ.

ಇನ್ನೊಂದು ನಿಯಮವನ್ನೂ ಗಮನಿಸಬೇಕು. ಹತ್ತು ವರ್ಷ ಸೇವೆ ಸಲ್ಲಿಸಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದ ಆಟಗಾರನನ್ನು ಅವನ ಒಪ್ಪಿಗೆಯಿಲ್ಲದೆ ಬೇರೆ ತಂಡಕ್ಕೆ ಕೊಡುವಂತಿಲ್ಲ. ನಿಯಮ ಒಳ್ಳೆಯದೇ. ಆದರೆ ಇದರ ರಕ್ಷಣೆ ಯಾರಿಗೆ ಸಿಗುತ್ತದೆ? ಈಗಾಗಲೇ ನೆಲೆಯಿರುವವನಿಗೆ. ಮತ್ತೆ ಮತ್ತೆ ಕಳುಹಿಸಲ್ಪಟ್ಟವನಿಗೆ ಐದು ವರ್ಷ ಒಂದೆಡೆ ನಿಲ್ಲುವ ಅವಕಾಶವೇ ಬರುವುದಿಲ್ಲವಾದುದರಿಂದ ಹಕ್ಕೂ ಬರುವುದಿಲ್ಲ. ಜಾಕ್ಸನ್ ಯಾವ ತಂಡದಲ್ಲಿಯೂ ಒಂದೇ ಸಮನೆ ಮೂರು ಋತುಗಳಿಗಿಂತ ಹೆಚ್ಚು ಆಡಲಿಲ್ಲ. ಕೊಡೆ ಇರುವವನಿಗೆ ಮತ್ತೊಂದು ಕೊಡೆ ಕೊಟ್ಟು, ನೆನೆಯುವವನನ್ನು ಬಿಟ್ಟಂತಾಯಿತು. ಹತ್ತು ವರ್ಷ ದುಡಿದ ಯಾವ ಆಟಗಾರನಿಗಾದರೂ, ಅವನು ಎಷ್ಟು ತಂಡಗಳಲ್ಲಿ ದುಡಿದಿರಲಿ, ತನ್ನ ಮುಂದಿನ ಊರಿನ ವಿಷಯದಲ್ಲಿ ಒಂದು ಮಾತು ಹೇಳುವ ಹಕ್ಕು ಇರಬೇಕಾದುದು ನ್ಯಾಯ.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ಕೋಟಿಗಟ್ಟಲೆ ಸಂಬಳ ಪಡೆಯುವವನು ಊರು ಬಿಡಬೇಕಾಯಿತೆಂದು ಮರುಗುವುದೇಕೆ ಎಂದು ಕೇಳುವವರುಂಟು. ಆಕ್ಷೇಪಣೆಯಲ್ಲಿ ಹುರುಳಿದೆ. ಹೊಟ್ಟೆಪಾಡಿಗಾಗಿ ಊರು ಬಿಡುವ ಬಡ ಕೂಲಿಗಾರನ ಕಷ್ಟಕ್ಕೂ ಜಾಕ್ಸನ್ನರ ಕಷ್ಟಕ್ಕೂ ಹೋಲಿಕೆ ಸಲ್ಲದು. ಕಬ್ಸ್ ತಂಡ ಅವರನ್ನು ಬಿಟ್ಟಾಗಲೂ ಒಪ್ಪಂದದ ಹಣ ಅವರಿಗೆ ಸಲ್ಲುವಂತೆಯೇ ಇತ್ತು. ಆದರೆ ಸಂಬಳವು ದುಡಿಮೆಗೆ ಕೊಡುವ ಬೆಲೆ. ಅದು ಮನುಷ್ಯನ ಅಭಿಪ್ರಾಯಕ್ಕೆ ಕೊಡುವ ಬೆಲೆಯಲ್ಲ. ಸಂಬಳ ದೊಡ್ಡದಾದ ಮಾತ್ರಕ್ಕೆ ಅವನನ್ನು ಕೇಳುವ ಸೌಜನ್ಯ ಅನಾವಶ್ಯಕವಾಗುವುದಿಲ್ಲ. ಈ ತತ್ತ್ವವನ್ನು ಹಣವಂತನ ವಿಷಯದಲ್ಲಿ ಬಿಟ್ಟುಕೊಟ್ಟರೆ ಬಡವನ ವಿಷಯದಲ್ಲಿ ಎತ್ತಿಹಿಡಿಯುವುದು ಇನ್ನೂ ಕಷ್ಟವಾಗುತ್ತದೆ.

ಮೇಜರ್ ಲೀಗನ್ನು ಬಿಟ್ಟ ಬಳಿಕವೂ ಜಾಕ್ಸನ್ ಒಂದು ಬಾರಿ ಅಂಗಿಯನ್ನು ತೊಟ್ಟರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಅವರು ಅಮೆರಿಕದ ತಂಡದಲ್ಲಿದ್ದರು. ಆ ತಂಡಕ್ಕೆ ಬೆಳ್ಳಿಯ ಪದಕ ಬಂದಿತು. 2022ರ ಸೆಪ್ಟೆಂಬರಿನಲ್ಲಿ ಅವರು ಆಟದಿಂದ ನಿವೃತ್ತರಾದರು. 2025ರ ಜುಲೈಯಲ್ಲಿ ರಿಚ್ ಹಿಲ್ ಎಂಬ ಪಿಚರ್, ತಮ್ಮ ನಲವತ್ತೈದನೆಯ ವಯಸ್ಸಿನಲ್ಲಿ, ಹದಿನಾಲ್ಕನೆಯ ತಂಡವಾದ ಕ್ಯಾನ್ಸಾಸ್ ಸಿಟಿಯ ಪರವಾಗಿ ಆಡಿ ಜಾಕ್ಸನ್ನರ ದಾಖಲೆಯನ್ನು ಸರಿಗಟ್ಟಿದರು. ಡೊಟೆಲ್, ಜಾಕ್ಸನ್, ಹಿಲ್ ಮೂವರೂ ಪಿಚರುಗಳೇ ಆಗಿರುವುದು ಆಕಸ್ಮಿಕವಲ್ಲ. ಎಲ್ಲಿಯವರೆಗೆ ಆಟವಿದೆಯೋ ಅಲ್ಲಿಯವರೆಗೆ ಚೆಂಡನ್ನು ಎಸೆಯಬಲ್ಲ ಒಂದು ತೋಳು ಎಲ್ಲಿಯಾದರೂ ಬೇಕಾಗಿಯೇ ಇರುತ್ತದೆ.

ಮನುಷ್ಯನ ಯೋಗ್ಯತೆಯನ್ನು ಅಳೆಯಲು ಜಗತ್ತು ಸುಲಭವಾದ ಎರಡು ಅಳತೆಗೋಲುಗಳನ್ನು ಇಟ್ಟುಕೊಂಡಿದೆ: ಎಷ್ಟು ಗೆದ್ದ, ಎಷ್ಟು ಕಾಲ ಒಂದೆಡೆ ನಿಂತ. ಈ ಎರಡು ಅಳತೆಗಳಲ್ಲಿಯೂ ಜಾಕ್ಸನ್ ಚಿಕ್ಕವರಾಗಿಯೇ ಕಾಣುತ್ತಾರೆ. ಮೂರನೆಯ ಅಳತೆಯೊಂದಿದೆ: ಕೆಲಸ ಬಂದಾಗ ಅವನು ಸಿದ್ಧನಾಗಿದ್ದನೇ? ಕನ್ನಡ ನಾಡಿನಲ್ಲಿ ದುಡಿಮೆಯನ್ನು ಕಾಯಕವೆಂದು ಗೌರವಿಸುವ ಪರಂಪರೆ ಹಳೆಯದು. ಅಲ್ಲಿ ಕೆಲಸದ ಬೆಲೆಯನ್ನು ಅದು ತರುವ ಕೀರ್ತಿಯಿಂದ ನಿರ್ಧರಿಸುವುದಿಲ್ಲ. ದೂರದ ದೇಶದ, ಅಪರಿಚಿತವಾದ ಆಟದ ಈ ಎಸೆತಗಾರನ ಬದುಕನ್ನು ಆ ಮೂರನೆಯ ಅಳತೆಯಿಂದ ನೋಡಿದರೆ, 107 ಗೆಲುವುಗಳಷ್ಟೇ ಆ 133 ಸೋಲುಗಳೂ ಗೌರವಕ್ಕೆ ಅರ್ಹವಾಗಿ ಕಾಣುತ್ತವೆ.